ಜನವರಿಯಲ್ಲಿ ಎಂಟು, ಜೂನ್‌ನಲ್ಲಿ ನಾಲ್ಕು: ನೀವು ಅಂಕ ಕೊಟ್ಟದ್ದು ಯಾವುದಕ್ಕೆ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಆರು ಮಂದಿ ಕನ್ನಡಿಗ ಗೆಳೆಯರು. ತಿಂಗಳಿಗೊಂದು ಶನಿವಾರ ಒಬ್ಬರ ಮನೆಯಲ್ಲಿ ಸೇರಿ, ಸೂಪರ್‌ಮಾರ್ಕೆಟ್‌ನಿಂದ ತಂದ ಏಲ್ ಎಂಬ ಬ್ರಿಟಿಷ್ ಬಿಯರಿನ ಎಂಟು ಬಗೆಯ ಬಾಟಲಿಗಳನ್ನು ತೆರೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಶುರುಮಾಡಿ ಒಂದು ವರ್ಷವಾಯಿತು. ಈಗ ಮೂರು ಗೊಂದಲಗಳಿವೆ. ಒಂದೇ ಏಲ್‌ಗೆ ಜನವರಿಯಲ್ಲಿ ಎಂಟು ಬಂದಿತ್ತು, ಜೂನ್‌ನಲ್ಲಿ ನಾಲ್ಕು ಬಂತು. ಇಬ್ಬರಂತೂ ವಾಸನೆ ತಡೆಯಲಾರದೆ ಲೋಟವನ್ನು ಪಕ್ಕಕ್ಕಿಟ್ಟರು. ಅದೊಂದನ್ನು ಬಿಟ್ಟರೆ ಎಲ್ಲ ಏಲ್‌ಗಳಿಗೂ ಆರರಿಂದ ಏಳೂವರೆಯೊಳಗೇ ಅಂಕ ಬೀಳುತ್ತದೆ; ಹಾಗಾದರೆ ಅಂಕ ಕೊಟ್ಟು ಏನು ಪ್ರಯೋಜನ? ಇನ್ನು ಬಿಯರಿನಲ್ಲಿ ಮೀನು ಹಾಕುತ್ತಾರೆಂದು ಕೇಳಿ, ನಮ್ಮಲ್ಲಿ ಸಸ್ಯಾಹಾರಿಯಾದ ಒಬ್ಬ ಗೆಳೆಯ ಬರುವುದನ್ನೇ ನಿಲ್ಲಿಸಿದ್ದಾನೆ. ಇದು ನಿಜವೇ? ವರ್ಷದ ಅಂಕಪಟ್ಟಿಯನ್ನೂ ಜೂನ್ ತಿಂಗಳ ಒಂದು ಫೋಟೋವನ್ನೂ ಕಳುಹಿಸಿದ್ದೇವೆ.

ಉತ್ತರ: ಫೋಟೋ ನೋಡಿದ ಕೂಡಲೇ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಎಂಟು ಬಾಟಲಿಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿವೆ. ಹಿಂದಿನಿಂದ ಸಂಜೆಯ ಬಿಸಿಲು ಬಿದ್ದು ಒಂದೊಂದೂ ಜೇನಿನ ಶೀಷೆಯಂತೆ ಹೊಳೆಯುತ್ತಿದೆ. ಚಿತ್ರ ಚೆನ್ನಾಗಿ ಬಂದಿದೆ, ಏಲ್ ಹಾಳಾಗಿದೆ. ನಾಲ್ಕು ಅಂಕ ಪಡೆದ ಬಾಟಲಿ ಎಡದಿಂದ ಮೂರನೆಯದು, ಬಣ್ಣವಿಲ್ಲದ ಗಾಜಿನದು. ಅದರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅದನ್ನು ತಯಾರಿಸಿದವರು ಜನವರಿಯಲ್ಲಿ ಮಾಡಿದ್ದನ್ನೇ ಜೂನ್‌ನಲ್ಲೂ ಮಾಡಿದ್ದಾರೆ. ಬದಲಾದದ್ದು ನಿಮ್ಮ ಕಿಟಕಿ. ಜನವರಿಯ ಸಂಜೆ ನೀವು ಸೇರುವ ಹೊತ್ತಿಗೆ ರೆಡಿಂಗ್‌ನಲ್ಲಿ ಕತ್ತಲಾಗಿರುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗುವುದಿಲ್ಲ.

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಕುದಿಸಿದಾಗ ಅದರಿಂದ ಐಸೋಹ್ಯೂಮುಲೋನ್ ಎಂಬ ಕಹಿ ವಸ್ತುಗಳು ಹುಟ್ಟುತ್ತವೆ. ಬಿಯರಿನಲ್ಲಿ ಬಿ2 ಜೀವಸತ್ವವೂ ಇರುತ್ತದೆ. ಬೆಳಕು ಬಿದ್ದಾಗ ಈ ಜೀವಸತ್ವ ಅದನ್ನು ಹೀರಿಕೊಂಡು, ಆ ಶಕ್ತಿಯಿಂದ ಕಹಿ ವಸ್ತುವಿನ ಒಂದು ತುಂಡು ಮುರಿಯುವಂತೆ ಮಾಡುತ್ತದೆ. ಮುರಿದ ತುಂಡು ಬಿಯರಿನಲ್ಲೇ ಇರುವ ಗಂಧಕದೊಡನೆ ಕೂಡಿಕೊಂಡರೆ ಹುಟ್ಟುವುದು ಒಂದು ಥಯಾಲ್, ಅಂದರೆ ಗಂಧಕವುಳ್ಳ ನಾರುವ ವಸ್ತು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಇಂಗ್ಲಿಷಿನವರು ಇದನ್ನು ಸ್ಕಂಕ್ ಎಂಬ ಅಮೆರಿಕದ ಪ್ರಾಣಿಗೆ ಹೋಲಿಸುತ್ತಾರೆ. ನಾನು ಆ ಪ್ರಾಣಿಯನ್ನು ನೋಡಿಲ್ಲ, ಮೂಸಿಯೂ ಇಲ್ಲ. ನನ್ನ ಮೂಗಿಗೆ ಅದು ಸುಟ್ಟ ರಬ್ಬರು, ಜೊತೆಗೆ ಹಿಂಗಿನ ಡಬ್ಬಿಯ ಮುಚ್ಚಳ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಲ್ಪಸ್ವಲ್ಪ ತಡೆಯುತ್ತದೆ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ನೇರ ಬಿಸಿಲಿಗೆ ಇಂಥ ಬಾಟಲಿಯನ್ನು ಕೆಲವು ನಿಮಿಷ ಇಟ್ಟರೂ ಸಾಕು. ಅಂಗಡಿಯ ಟ್ಯೂಬ್‌ಲೈಟ್ ಇದನ್ನೇ ನಿಧಾನವಾಗಿ, ದಿನಗಟ್ಟಲೆ ಮಾಡುತ್ತದೆ. ಹಾಗಿದ್ದರೂ ಬ್ರಿಟನ್ನಿನಲ್ಲಿ ಹಲವರು ಬಣ್ಣವಿಲ್ಲದ ಗಾಜನ್ನೇ ಬಳಸುತ್ತಾರೆ, ಏಕೆಂದರೆ ಏಲ್‌ನ ಬಣ್ಣ ಕಪಾಟಿನಲ್ಲಿ ಕಣ್ಣಿಗೆ ಬೀಳಬೇಕು. ಅದು ವ್ಯಾಪಾರದ ಲೆಕ್ಕ. ನೀವು ಮಾಡಬೇಕಾದದ್ದು ಇಷ್ಟೇ: ಕಪಾಟಿನ ಹಿಂದಿನ ಸಾಲಿನಿಂದ ಬಾಟಲಿ ಎತ್ತಿಕೊಳ್ಳಿ, ಮನೆಯಲ್ಲಿ ಬೀರುವಿನೊಳಗೋ ರಟ್ಟಿನ ಪೆಟ್ಟಿಗೆಯಲ್ಲೋ ಇಡಿ, ಫೋಟೋ ಬೇಕೆಂದರೆ ಖಾಲಿ ಬಾಟಲಿಗಳದ್ದು ತೆಗೆಯಿರಿ.

ಉಳಿದರ್ಧ ಉತ್ತರ ಅಂಕಪಟ್ಟಿಯಲ್ಲಿದೆ. ಜನವರಿಯಲ್ಲಿ ಆ ಏಲ್ ಮೊದಲನೆಯ ಬಾಟಲಿ. ಜೂನ್‌ನಲ್ಲಿ ಏಳನೆಯದು, ಅದೂ ಶೇಕಡಾ 8.5 ಆಲ್ಕೋಹಾಲ್ ಇರುವ ಒಂದು ಕಪ್ಪು ಏಲ್ ಆದ ಮೇಲೆ. ವರ್ಷದ ಪಟ್ಟಿಯನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ನೋಡಿದೆ: ಹನ್ನೆರಡು ತಿಂಗಳಲ್ಲಿ ಒಂಬತ್ತು ಸಲ ಮೊದಲ ಬಾಟಲಿಗೆ ಏಳಕ್ಕಿಂತ ಹೆಚ್ಚು ಬಂದಿದೆ. ಹಸಿದವನಿಗೆ ಮೊದಲ ತುತ್ತು ರುಚಿ. ಅದರ ಮೇಲೆ, ಶೇಕಡಾ 6 ದಾಟಿದ ಏಲ್ ಎಂದೂ ಏಳಕ್ಕಿಂತ ಕೆಳಗಿಳಿದಿಲ್ಲ. ಅಂದರೆ ನಿಮ್ಮ ಪಟ್ಟಿ ಏಲ್‌ನ ಗುಣವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅಳೆಯುತ್ತಿದೆ: ಬಾಟಲಿ ಎಷ್ಟನೆಯದು, ಅದರಲ್ಲಿ ಆಲ್ಕೋಹಾಲ್ ಎಷ್ಟು. ಬೇಸರ ಬೇಡ, ಪಳಗಿದ ಪರೀಕ್ಷಕರೂ ಇಲ್ಲೇ ಎಡವುತ್ತಾರೆ. ಬಿಯರಿಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಸುತ್ತಮುತ್ತ ಹದಿನಾಲ್ಕು ವರ್ಷ ರುಚಿ ಪರೀಕ್ಷೆಯ ಕೆಲಸ ಮಾಡಿದವನು ನಾನು. ಸೇರಿದ ಮೊದಲ ವರ್ಷ ಒಂದೇ ಬಿಯರನ್ನು ಎರಡು ಲೋಟಗಳಲ್ಲಿ ಕೊಟ್ಟಾಗ, ಒಂದಕ್ಕೆ ‘ಒಣದ್ರಾಕ್ಷಿ’ ಎಂದೂ ಇನ್ನೊಂದಕ್ಕೆ ‘ಒದ್ದೆ ಕಾಗದ’ ಎಂದೂ ಬರೆದಿದ್ದೆ. ಹಿರಿಯ ಪರೀಕ್ಷಕಿ ನನ್ನ ಹಾಳೆಯನ್ನು ಓದಿ, ಏನೂ ಅನ್ನದೆ, ಮಡಿಸಿ ನನ್ನ ಜೇಬಿಗೇ ತುರುಕಿದರು.

ಒದ್ದೆ ಕಾಗದ ಎಂದೆನಲ್ಲ, ಅದು ಹಳೆಯದಾದ ಬಾಟಲಿಯ ಗುರುತು. ಆಮ್ಲಜನಕ ಬಿಯರಿನ ಶತ್ರು. ಮುಚ್ಚಳದೊಳಗೆ ಉಳಿದ ಚೂರು ಗಾಳಿಯೇ ತಿಂಗಳುಗಟ್ಟಲೆ ಕೆಲಸ ಮಾಡಿ ಹಾಪ್ಸ್‌ನ ಕಂಪನ್ನು ಕೊಂದು, ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ತರುತ್ತದೆ. ಬಿಟರ್ ಎಂಬ ಹಗುರವಾದ ಕಹಿ ಏಲ್‌ಗಳಲ್ಲಿ ಇದು ಬೇಗ ಕಾಣಿಸುತ್ತದೆ. ಆದ್ದರಿಂದ ಚೀಟಿಯ ಮೇಲಿನ ದಿನಾಂಕವನ್ನೂ ಅಂಕದ ಪಕ್ಕದಲ್ಲಿ ಬರೆದಿಡಿ. ಮುಂದಿನ ಸಲ ಜಗಳವಾದಾಗ ಅರ್ಧ ಜಗಳ ಅಲ್ಲೇ ತೀರುತ್ತದೆ.

ನಿಮ್ಮ ಪಟ್ಟಿಯ ಷರಾ ಕಾಲಂನಲ್ಲಿ ಒಬ್ಬರು ಪದೇ ಪದೇ ‘ಪಬ್‌ನಲ್ಲಿ ಇದಕ್ಕಿಂತ ಚೆನ್ನಾಗಿತ್ತು’ ಎಂದು ಬರೆದಿದ್ದಾರೆ. ಅವರ ಮಾತು ಸರಿ, ಆದರೆ ಅವರು ಹೋಲಿಸುತ್ತಿರುವುದು ಎರಡು ಬೇರೆ ಪಾನೀಯಗಳನ್ನು. ಲಂಡನ್ ಪ್ರೈಡ್ ಎಂಬ ಏಲ್‌ನ ಆಲ್ಕೋಹಾಲ್ ಪಬ್‌ನ ಪೀಪಾಯಿಯಲ್ಲಿ ಶೇಕಡಾ 4.1, ಬಾಟಲಿಯಲ್ಲಿ 4.7. ಸೌತ್‌ವೋಲ್ಡ್‌ನ ಆಡ್ನಮ್ಸ್ ಬ್ರಾಡ್‌ಸೈಡ್ ಪೀಪಾಯಿಯಲ್ಲಿ 4.7, ಬಾಟಲಿಯಲ್ಲಿ 6.3. ಯಾರ್ಕ್‌ಶೈರ್‌ನ ಟಿಮೊಥಿ ಟೇಲರ್ ಲ್ಯಾಂಡ್‌ಲಾರ್ಡ್ ಮಾತ್ರ ಉಲ್ಟಾ: ಪಬ್‌ನಲ್ಲಿ 4.3, ಬಾಟಲಿಯಲ್ಲಿ 4.1. ಇವು ಬಹುಕಾಲ ನಡೆದುಬಂದ ಅಂಕಿಗಳು. 2023ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮದ್ಯ ತೆರಿಗೆಯ ಲೆಕ್ಕ ಬದಲಾದ ಮೇಲೆ ಕೆಲವು ತಯಾರಕರು ಆಲ್ಕೋಹಾಲನ್ನು ಇಳಿಸಿದ್ದಾರೆ, ಹಾಗಾಗಿ ಚೀಟಿಯನ್ನೇ ನಂಬಿ. ಪಬ್‌ನ ಪೀಪಾಯಿಯಲ್ಲಿ ಜೀವಂತ ಯೀಸ್ಟ್ ಇರುತ್ತದೆ, ಗುಳ್ಳೆ ಕಡಿಮೆ, ಕೈಪಂಪಿನಿಂದ ಮೇಲೆ ಬರುತ್ತದೆ. ಸೂಪರ್‌ಮಾರ್ಕೆಟ್‌ನ ಬಹುಪಾಲು ಬಾಟಲಿಗಳಲ್ಲಿ ಯೀಸ್ಟನ್ನು ಸೋಸಿ, ಬಿಸಿಮಾಡಿ, ಗುಳ್ಳೆಯನ್ನು ಮೇಲಿನಿಂದ ತುಂಬಿರುತ್ತಾರೆ. ಆ ಗುಳ್ಳೆ ನಾಲಿಗೆಯನ್ನು ಚುಚ್ಚಿ ಮಾಲ್ಟ್‌ನ ಸಿಹಿಯನ್ನು ಮುಚ್ಚಿಬಿಡುತ್ತದೆ. ಇದಕ್ಕೆ ನನ್ನ ಮದ್ದು ಸುಲಭ: ಸ್ವಲ್ಪ ಎತ್ತರದಿಂದ ಸುರಿದು, ನೊರೆ ಏಳಲು ಬಿಟ್ಟು, ಐದು ನಿಮಿಷ ಕಾಯಿರಿ. ಕಾಫಿಯನ್ನು ಎತ್ತಿ ಸುರಿಯುವ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಯೀಸ್ಟ್ ಉಳಿಸಿಕೊಂಡ ಬಾಟಲಿಗಳೂ ಇವೆ. ಪೀಪಾಯಿಯ ಜೀವಂತ ಏಲ್ ಕಣ್ಮರೆಯಾಗುತ್ತಿದೆ ಎಂದು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಸಂಘ ಇಂಥವನ್ನು ‘ಬಾಟಲಿಯಲ್ಲಿನ ನಿಜವಾದ ಏಲ್’ ಎಂದು ಕರೆಯುತ್ತದೆ. ಕಾರ್ನ್‌ವಾಲ್‌ನ ಸೇಂಟ್ ಆಸ್ಟೆಲ್‌ನವರ ಪ್ರಾಪರ್ ಜಾಬ್, ಫುಲ್ಲರ್ಸ್‌ನವರು 1997ರಿಂದ ವರ್ಷಕ್ಕೊಂದು ಸಲ ತರುವ ವಿಂಟೇಜ್ ಏಲ್ ಈ ಜಾತಿಯವು. ಇವುಗಳ ತಳದಲ್ಲಿ ಗಸಿ ಕುಳಿತಿರುತ್ತದೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಸುರಿಯುವಾಗ ಒಂದೇ ಸಲಕ್ಕೆ, ಬಾಟಲಿಯನ್ನು ಹಿಂದಕ್ಕೆ ವಾಲಿಸದೆ, ಎಲ್ಲ ಲೋಟಗಳಿಗೂ ಸಾಲಾಗಿ ಸುರಿದು, ಕೊನೆಯ ಎರಡು ಚಮಚೆಯನ್ನು ತಳದಲ್ಲೇ ಬಿಡಿ. ಒಬ್ಬೊಬ್ಬರಿಗೂ ಬಾಟಲಿ ಎತ್ತಿ ಇಳಿಸಿ ಸುರಿದರೆ ಮೊದಲ ಲೋಟ ತಿಳಿಯಾಗಿರುತ್ತದೆ, ಆರನೆಯದು ಮಜ್ಜಿಗೆಯಂತಿರುತ್ತದೆ. ಆರನೆಯವರು ಕೊಡುವ ಅಂಕ ಗಸಿಗೆ.

ಎಷ್ಟು ತಣ್ಣಗೆ? ಬೆಂಗಳೂರಿನಲ್ಲಿ ನಾವೆಲ್ಲ ಕುಡಿದು ಬೆಳೆದದ್ದು ಬಹುಪಾಲು ಲಾಗರ್. ತಣ್ಣನೆಯ ವಾತಾವರಣದಲ್ಲಿ ಹುಳಿಬರಿಸಿದ ಆ ಬಿಯರ್ ತಣ್ಣಗಿದ್ದಷ್ಟೂ ಚೆಂದ. ಏಲ್‌ನ ಯೀಸ್ಟ್ ಹೆಚ್ಚು ಬೆಚ್ಚಗಿನ ಹದದಲ್ಲಿ ಕೆಲಸ ಮಾಡಿ ಹಣ್ಣಿನ ವಾಸನೆಗಳನ್ನು ಹುಟ್ಟಿಸುತ್ತದೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಆ ವಾಸನೆಗಳು ಮೇಲೇಳುವುದೇ ಇಲ್ಲ. ಕಹಿ ಒಂದೇ ಉಳಿಯುತ್ತದೆ. ಪಬ್‌ನ ನೆಲಮಾಳಿಗೆ 11ರಿಂದ 13 ಡಿಗ್ರಿ ಇರುತ್ತದೆ. ನೀವೂ ಅದನ್ನೇ ಗುರಿಯಾಗಿಟ್ಟುಕೊಳ್ಳಿ. ಫ್ರಿಜ್‌ನಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಟ್ಟರೆ ಸಾಕು. ಕಪ್ಪಾದ, ಗಟ್ಟಿಯಾದ ಏಲ್‌ಗೆ ಇನ್ನೂ ಸ್ವಲ್ಪ ಹೊತ್ತು.

ಎಲ್ಲಕ್ಕೂ ಆರೂವರೆಯೇ ಏಕೆ ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮೊದಲ ಕಾರಣ, ನೀವು ತಿಳಿಸಾರು, ಹುಳಿ, ಬಿಸಿಬೇಳೆಬಾತ್ ಮೂರನ್ನೂ ಒಂದೇ ಪಂಕ್ತಿಯಲ್ಲಿಟ್ಟು ಯಾವುದು ಗಟ್ಟಿ ಎಂದು ಕೇಳುತ್ತಿದ್ದೀರಿ. ತಿಳಿಸಾರು ತೆಳ್ಳಗಿದೆ ಎಂದು ಯಾರಾದರೂ ಅಂಕ ಕಳೆಯುತ್ತಾರೆಯೇ? ಇಂಗ್ಲಿಷ್ ಬಿಟರ್ ಎಂದರೆ ತಿಳಿಸಾರಿನ ಜಾತಿ. ಶೇಕಡಾ 4ರ ಆಸುಪಾಸು ಇರಬೇಕು, ಎರಡು ಗಂಟೆ ಮಾತಾಡುತ್ತ ಕುಳಿತರೂ ಬೇಸರ ಬರಬಾರದು, ಎರಡನೆಯ ಲೋಟ ಮೊದಲನೆಯದಕ್ಕಿಂತ ಹಿತವಾಗಿರಬೇಕು. ಎಂಬತ್ತು ಮಿಲಿಲೀಟರ್ ಗುಟುಕಿನಲ್ಲಿ ಅದು ಎಂದೂ ಗೆಲ್ಲುವುದಿಲ್ಲ. ಗುಟುಕಿನಲ್ಲಿ ಗೆಲ್ಲುವುದು ಸ್ಟಾಕ್‌ಪೋರ್ಟ್‌ನ ಓಲ್ಡ್ ಟಾಮ್‌ನಂಥ ಶೇಕಡಾ 8.5ರ ಗಟ್ಟಿ ಏಲ್, ಆದರೆ ಅದರ ಎರಡನೆಯ ಬಾಟಲಿಯನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಒಂದು ಸಂಜೆಗೆ ಒಂದೇ ಜಾತಿ ಇಟ್ಟುಕೊಳ್ಳಿ: ಒಂದು ತಿಂಗಳು ಬಿಟರ್‌ಗಳು, ಇನ್ನೊಂದು ತಿಂಗಳು ಕಂದು ಏಲ್‌ಗಳು, ಚಳಿಗಾಲದಲ್ಲಿ ಪೋರ್ಟರ್, ಸ್ಟೌಟ್ ಎಂಬ ಕಪ್ಪು ಬಿಯರ್‌ಗಳು, ‘ಓಲ್ಡ್ ಏಲ್’ ಎಂಬ ಗಟ್ಟಿ ಜಾತಿಯವು. ಜಾತಿ ಹಿಡಿಯಲು ಹೆಸರನ್ನು ಮಾತ್ರ ನಂಬಬೇಡಿ. ಇಂಡಿಯಾ ಪೇಲ್ ಏಲ್ ಎಂದು ಬರೆದದ್ದು ಅಮೆರಿಕದಲ್ಲಿ ಶೇಕಡಾ 7 ಇರಬಹುದು, ಇಂಗ್ಲೆಂಡಿನ ಸಫೋಕ್‌ನಲ್ಲಿ 4ಕ್ಕಿಂತ ಕಡಿಮೆ ಇರಬಹುದು. ಅಂದ ಹಾಗೆ, ಅದನ್ನು ನಮ್ಮ ದೇಶದ ಬಿಸಿಲಿಗೆಂದೇ ಹೊಸದಾಗಿ ಕಂಡುಹಿಡಿದರು ಎಂಬುದು ಕಟ್ಟುಕತೆ. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್‌ನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಹತ್ತಿರವಿತ್ತು; ಮೊದಲೇ ಇದ್ದ ಗಟ್ಟಿಯಾದ ಪೇಲ್, ಅಂದರೆ ತಿಳಿಬಣ್ಣದ, ಬಿಯರ್ ಹಡಗು ಹತ್ತಿತು, 1820ರ ದಶಕದಲ್ಲಿ ಬರ್ಟನ್ನಿನ ಆಲ್‌ಸಾಪ್ ಆ ವ್ಯಾಪಾರಕ್ಕೆ ಕೈಹಾಕಿದರು.

ಎರಡನೆಯ ಕಾರಣ, ಹತ್ತರ ಅಳತೆ. ಹತ್ತಕ್ಕೆ ಎಂದು ಕೇಳಿದರೆ ನಮ್ಮೊಳಗಿನ ಶಾಲೆ ಎಚ್ಚರಗೊಳ್ಳುತ್ತದೆ. ಮೂರೂವರೆಗಿಂತ ಕೆಳಗೆ ಕೊಟ್ಟರೆ ಫೇಲು ಮಾಡಿದಂತೆ, ಒಂಬತ್ತು ಕೊಟ್ಟರೆ ರ‍್ಯಾಂಕ್ ಕೊಟ್ಟಂತೆ. ಅತಿಥೇಯರು ದುಡ್ಡು ಕೊಟ್ಟು ತಂದ ಬಾಟಲಿ ಬೇರೆ. ಆಗ ಏಳು ಎಂಬುದು ಅಂಕವಲ್ಲ, ದಾಕ್ಷಿಣ್ಯ. ಮನೆಯಲ್ಲಿ ಮಾಡಿದ ಬಿಯರಿನ ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರು ಹೆಚ್ಚಾಗಿ ಬಳಸುವ, ಬಿಜೆಸಿಪಿ ಎಂಬ ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯ ಹಾಳೆ ಐವತ್ತು ಅಂಕಗಳದ್ದು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಹದಕ್ಕೆ 5, ಒಟ್ಟಂದಕ್ಕೆ 10. ನೋಟಕ್ಕೆ ಬರೀ ಮೂರು ಎಂಬುದನ್ನು ಗಮನಿಸಿ. ಆದರೆ ಮನೆಯಲ್ಲಿ ಐವತ್ತರ ಹಾಳೆ ಹಿಡಿದು ಕೂತರೆ ಸಂಜೆ ಪರೀಕ್ಷಾ ಕೊಠಡಿಯಾಗುತ್ತದೆ. ನಾನು ಹೇಳುವುದು ಬೇರೆ ದಾರಿ. ಅಂಕವನ್ನೇ ಬಿಟ್ಟು ಮೂರು ಮೂರು ಲೋಟಗಳನ್ನು ಒಟ್ಟಿಗೆ ಇಟ್ಟು, ಮೊದಲನೆಯದು ಯಾವುದು, ಕೊನೆಯದು ಯಾವುದು ಎಂದಷ್ಟೇ ಬರೆಯಿರಿ. ಸಮ ಎನ್ನಲು ಅವಕಾಶವಿಲ್ಲ. ಮೂರರಲ್ಲಿ ಒಂದು ಕೊನೆಗೆ ಹೋಗಲೇಬೇಕಾದಾಗ ದಾಕ್ಷಿಣ್ಯಕ್ಕೆ ಜಾಗ ಸಿಗುವುದಿಲ್ಲ. ಕೊನೆಯಲ್ಲಿ ಬೆಲೆ ಹೇಳಿ ಒಂದೇ ಪ್ರಶ್ನೆ: ನಿಮ್ಮ ದುಡ್ಡಿನಿಂದ ಇದನ್ನು ಇನ್ನೊಂದು ಸಲ ಕೊಳ್ಳುವಿರಾ? ಹೌದು, ಇಲ್ಲ. ನಿಮ್ಮ ಇಡೀ ವರ್ಷದ ಪಟ್ಟಿ ಹೇಳದೇ ಉಳಿಸಿದ್ದನ್ನು ಈ ಒಂದು ಕಾಲಂ ಹೇಳುತ್ತದೆ.

ಬಾಟಲಿ ಕಾಣದಂತೆ ಸುರಿಯುವುದು ಕಡ್ಡಾಯ. ಒಬ್ಬರು ಅಡುಗೆಮನೆಯಲ್ಲಿ ಸುರಿದು, ಲೋಟದ ಬುಡಕ್ಕೆ ಸಂಖ್ಯೆ ಅಂಟಿಸಿ ತರಲಿ. ಆ ಸುತ್ತಿನಲ್ಲಿ ಅವರು ತೀರ್ಪು ಕೊಡುವುದು ಬೇಡ. ಮೊದಲ ಮೂರು ನಿಮಿಷ ಯಾರೂ ಮಾತಾಡಬಾರದು. ಪ್ರತಿ ಗುಂಪಿನಲ್ಲೂ ಮೊದಲು ಬಾಯಿಬಿಡುವ ಒಬ್ಬರಿರುತ್ತಾರೆ. ಅವರು ‘ಕಾಫಿ ವಾಸನೆ’ ಎಂದರೆ ಉಳಿದ ಐವರ ಮೂಗಿಗೂ ಕಾಫಿಯೇ ಬಡಿಯುತ್ತದೆ. ಕಣ್ಣು ಇನ್ನೂ ದೊಡ್ಡ ಮೋಸಗಾರ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ಅದನ್ನು ವರ್ಣಿಸಿದರು. ಈ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ವಾಸನೆ ಹಿಡಿಯಲು ಬಾಯಿ ಕಿರಿದಾದ ವೈನ್ ಗ್ಲಾಸೇ ಒಳ್ಳೆಯದು, ಆದರೂ ಒಂದು ಸುತ್ತು ಸ್ಟೀಲ್ ಲೋಟದಲ್ಲಿ ಕೊಟ್ಟು ನೋಡಿ. ಬಣ್ಣ ಕಾಣದಿದ್ದಾಗ ಪೋರ್ಟರ್ ಯಾವುದು, ಬಿಟರ್ ಯಾವುದು ಎಂಬಲ್ಲೇ ಇಬ್ಬರು ತಪ್ಪುತ್ತಾರೆ ಎಂದು ಪಣ ಕಟ್ಟಬಲ್ಲೆ.

ಇನ್ನೊಂದು ಆಟವಿದೆ, ವೃತ್ತಿಯವರು ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಏಲ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ನಿಮ್ಮ ಆರು ಮಂದಿಯಲ್ಲಿ ನಾಲ್ವರು ಸರಿಯಾಗಿ ಹೇಳಿದರೆಂದು ಹಿಗ್ಗಬೇಡಿ. ಎಲ್ಲರೂ ಕಣ್ಣುಮುಚ್ಚಿ ಊಹಿಸಿದರೂ ಹತ್ತು ಸಲಕ್ಕೊಮ್ಮೆ ನಾಲ್ವರೋ ಅದಕ್ಕಿಂತ ಹೆಚ್ಚು ಮಂದಿಯೋ ಗೆಲ್ಲುತ್ತಾರೆ. ಐವರು ಸರಿ ಹೇಳಿದರೆ ಮಾತ್ರ ನಂಬಬಹುದು, ಏಕೆಂದರೆ ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಎರಡು ಏಲ್‌ಗಳ ನಡುವಿನ ವ್ಯತ್ಯಾಸವನ್ನೇ ನಿಮ್ಮ ಗುಂಪು ಹೀಗೆ ಹಿಡಿಯಲಾರದಿದ್ದರೆ, ಒಂದಕ್ಕೆ 6.8, ಇನ್ನೊಂದಕ್ಕೆ 7.1 ಎಂದು ಬರೆದಿಡುವುದರಲ್ಲಿ ಅರ್ಥವಿಲ್ಲ.

ನಿಮ್ಮ ಷರಾಗಳ ಬಗ್ಗೆ ಒಂದು ದೂರಿದೆ. ಎಲ್ಲರೂ ಕನ್ನಡಿಗರು, ಆದರೆ ಪಟ್ಟಿಯ ತುಂಬ ‘ಟಾಫಿ’, ‘ಬಿಸ್ಕತ್ತು’, ‘ಮಾರ್ಮಲೇಡ್’. ಬಾಟಲಿಯ ಹಿಂಬದಿಯ ಚೀಟಿಯನ್ನು ನಕಲು ಮಾಡಿದ್ದೀರಿ. ಚಿಕ್ಕಂದಿನಲ್ಲಿ ಟಾಫಿ ಎಷ್ಟು ತಿಂದಿದ್ದೀರಿ, ಬೆಲ್ಲ ಎಷ್ಟು ತಿಂದಿದ್ದೀರಿ? ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟಿಷರು ಹೆಮ್ಮೆಪಡುವ ಮ್ಯಾರಿಸ್ ಆಟರ್ ಎಂಬ ಬಾರ್ಲಿ ತಳಿ 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಹುಟ್ಟಿತು. ಅದರ ಮಾಲ್ಟ್‌ನಲ್ಲಿ ನನಗೆ ಸಿಗುವುದು ಹುರಿದ ರಾಗಿ ಹಿಟ್ಟಿನ ಕಂಪು. ಕ್ರಿಸ್ಟಲ್ ಮಾಲ್ಟ್ ಎಂಬುದನ್ನು ಒದ್ದೆಯಾಗಿರುವಾಗಲೇ ಬಿಸಿಮಾಡಿ ಕಾಳಿನೊಳಗೇ ಸಕ್ಕರೆ ಪಾಕವಾಗುವಂತೆ ಮಾಡುತ್ತಾರೆ. ಬಿಟರ್‌ಗೆ ತಾಮ್ರದ ಬಣ್ಣ ಬರುವುದು ಬಹುಪಾಲು ಇದರಿಂದ. ಹಗುರವಾದದ್ದರಲ್ಲಿ ಜೋನಿ ಬೆಲ್ಲ, ಇನ್ನೂ ಹುರಿದದ್ದರಲ್ಲಿ ಉಂಡೆ ಪಾಕ, ಅದಕ್ಕೂ ಮುಂದೆ ತಳ ಹಿಡಿದ ಪಾಕ: ಮಂಡ್ಯ ಕಡೆಯವನಾದ ನನಗೆ ಪ್ರತಿ ಬಿಟರ್‌ನಲ್ಲೂ ಆಲೆಮನೆಯ ಒಂದು ಗಳಿಗೆ ಸಿಗುತ್ತದೆ. ಪೋರ್ಟರ್‌ನಲ್ಲಿ ಅಕ್ಕಿರೊಟ್ಟಿಯ ಸೀದ ಅಂಚು. ಇಂಗ್ಲಿಷ್ ಹಾಪ್ಸ್ ಅಮೆರಿಕದ ಹಾಪ್ಸ್‌ನಂತೆ ಮಾವು, ಕಿತ್ತಳೆ ಎಂದು ಕೂಗುವುದಿಲ್ಲ. ಫಗಲ್ ಎಂಬ ತಳಿಯಲ್ಲಿ ಒದ್ದೆ ಮಣ್ಣು, ಮರದ ಚಕ್ಕೆ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್‌ನಲ್ಲಿ ಹೂವು, ಚೂರು ಜೇನು, ಚೂರು ಮಸಾಲೆ.

ಕನ್ನಡದಲ್ಲಿ ಬರೆದರೆ ಇನ್ನೊಂದು ಲಾಭವಿದೆ. ಇಂಗ್ಲಿಷ್ ಮಾತಿನಲ್ಲಿ ಜನ ಕಹಿಯನ್ನೂ ಒಗರನ್ನೂ ಕಲಸಿಬಿಡುತ್ತಾರೆ. ನಮಗೆ ಎರಡಕ್ಕೂ ಬೇರೆ ಬೇರೆ ಪದಗಳು ಬಾಯಿಗೇ ಬರುತ್ತವೆ. ಹಾಗಲಕಾಯಿ ಕಹಿ, ಅಡಿಕೆ ಒಗರು. ಒಳ್ಳೆಯ ಬಿಟರ್‌ನಲ್ಲಿ ಕಹಿ ಇರಬೇಕು, ನಾಲಿಗೆಯ ಹಿಂಬದಿಯಲ್ಲಿ ನಿಂತು ನಿಧಾನವಾಗಿ ಇಳಿಯಬೇಕು. ಎಳೆ ಬಾಳೆಕಾಯಿ ಕಚ್ಚಿದಂತೆ ಒಸಡು ಬಿಗಿದುಕೊಂಡರೆ ಅದು ಒಗರು. ಕಾಳಿನ ಸಿಪ್ಪೆಯನ್ನು ಅತಿಯಾಗಿ ತೊಳೆದು ಹಿಂಡಿದಾಗ ಬರುವ ದೋಷ. ಹಾಗೆಯೇ ಕಮಟು, ಮುಗ್ಗಲು, ಘಾಟು, ಸೀಕಲು. ಇಷ್ಟು ಸೂಕ್ಷ್ಮವಾದ ಪದಗಳನ್ನು ಅಜ್ಜಿಯ ಅಡುಗೆಮನೆಯಿಂದ ತಂದಿರುವಾಗ ‘ಪರವಾಗಿಲ್ಲ, 6.5’ ಎಂದು ಬರೆಯುವುದು ಸೋಮಾರಿತನ.

ದೋಷ ಯಾವುದು, ಗುಣ ಯಾವುದು ಎಂಬುದು ಮಾತ್ರ ಊರಿನಿಂದ ಊರಿಗೆ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ನೀವು ಬರ್ಟನ್ನಿನ ಏಲ್ ಆದ ಮಾರ್ಸ್ಟನ್ಸ್ ಪೆಡಿಗ್ರಿಗೆ ‘ಬೆಂಕಿಕಡ್ಡಿ ಗೀರಿದ ವಾಸನೆ’ ಎಂದು ಎರಡು ಅಂಕ ಕಳೆದಿದ್ದೀರಿ. ಬರ್ಟನ್ನಿನ ಬಾವಿಯ ನೀರಿನಲ್ಲಿ ಜಿಪ್ಸಂ ಎಂಬ ಗಂಧಕವುಳ್ಳ ಲವಣ ಹೇರಳ. ಆ ಗಂಧಕದ ಸುಳಿವಿಗೆ ಅಲ್ಲಿನವರು ಬರ್ಟನ್ ಸ್ನ್ಯಾಚ್ ಎಂದು ಹೆಸರನ್ನೇ ಇಟ್ಟಿದ್ದಾರೆ, ಲೋಟದಲ್ಲಿ ಅದಿಲ್ಲದಿದ್ದರೆ ಹಳೆಯ ಗಿರಾಕಿಗಳು ಕೇಳುತ್ತಾರೆ. ಒಂದು ನಿಮಿಷದಲ್ಲಿ ಹಾರಿಹೋದರೆ ಅದು ಗುಣ, ಉಳಿದುಕೊಂಡು ಕೊಳೆತ ಮೊಟ್ಟೆಯಾದರೆ ದೋಷ. ಬೆಣ್ಣೆಯ ವಾಸನೆಯೂ ಹೀಗೆಯೇ. ಯೀಸ್ಟ್ ಬಿಟ್ಟುಹೋಗುವ ಡೈಅಸಿಟೈಲ್ ಎಂಬ ವಸ್ತುವಿನಿಂದ ಬರುವ ಅದು ಕೆಲವು ಯಾರ್ಕ್‌ಶೈರ್ ಏಲ್‌ಗಳಲ್ಲಿ ಚಿಟಿಕೆಯಷ್ಟು ಇದ್ದರೆ ನನಗೆ ಇಷ್ಟ. ಲಾಗರ್‌ನಲ್ಲಿ ಅಷ್ಟೇ ಇದ್ದರೂ ವಾಪಸು ಕಳುಹಿಸುತ್ತೇನೆ. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ವಿಜ್ಞಾನಿ ಕ್ಲಾಸನ್, ಇಂಗ್ಲಿಷರ ಹಳೆಯ ಗಟ್ಟಿ ಏಲ್‌ಗಳ ವಿಶಿಷ್ಟ ವಾಸನೆಗೆ ಕಾರಣವಾದ ಕಾಡು ಯೀಸ್ಟನ್ನು ಗುರುತಿಸಿ ಬ್ರೆಟ್ಟನೋಮೈಸಿಸ್, ಅಂದರೆ ಬ್ರಿಟಿಷ್ ಶಿಲೀಂಧ್ರ, ಎಂದು ಕರೆದ. ಇಂದು ಬಹುಪಾಲು ಬ್ರಿಟಿಷ್ ಬ್ರೂವರಿಗಳು ಅದೇ ಯೀಸ್ಟ್ ಕಂಡರೆ ತೊಟ್ಟಿಯನ್ನೇ ಖಾಲಿ ಮಾಡುತ್ತವೆ.

ತಿಂಡಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ: ಫೋಟೋದಲ್ಲಿ ಖಾರದ ಅವಲಕ್ಕಿ, ಕೋಡುಬಳೆ ಕಾಣುತ್ತಿವೆ. ಮೆಣಸಿನ ಉರಿ ಕಹಿಯನ್ನು ಹಿಗ್ಗಿಸುತ್ತದೆ, ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ತೀರ್ಪು ಮುಗಿಯುವವರೆಗೆ ಉಪ್ಪಿಲ್ಲದ ಬ್ರೆಡ್ಡು, ನೀರು. ಆಮೇಲೆ ಡಬ್ಬಿ ತೆರೆಯಿರಿ. ಹುರಿದ ಶೇಂಗಾಕ್ಕೆ ಕಂದು ಏಲ್, ಒಬ್ಬಟ್ಟಿಗೆ ಓಲ್ಡ್ ಪೆಕ್ಯೂಲಿಯರ್ ಎಂಬ ಕಪ್ಪು ಏಲ್.

ಮುಂದಿನ ತಿಂಗಳಿಗೆ ಬಾಟಲಿಗಳನ್ನು ಎಂಟರಿಂದ ಆರಕ್ಕೆ ಇಳಿಸಿ. ಲಂಡನ್ ಪ್ರೈಡ್, ಲ್ಯಾಂಡ್‌ಲಾರ್ಡ್, ಪೆಡಿಗ್ರಿ ಮೊದಲ ಮೂರರ ಗುಂಪು. ಎರಡನೆಯದರಲ್ಲಿ ಪ್ರಾಪರ್ ಜಾಬ್, ಸ್ಯಾಮ್ಯುಯೆಲ್ ಸ್ಮಿತ್‌ನ ನಟ್ ಬ್ರೌನ್ ಎಂಬ ಕಂದು ಏಲ್, ಮತ್ತೆ ಯಾರಿಗೂ ಹೇಳದೆ ಇನ್ನೊಂದು ಲಂಡನ್ ಪ್ರೈಡ್. ಒಂದೇ ಜಾತಿ ಇರಲಿ ಎಂದು ನಾನೇ ಹೇಳಿದ್ದೆ. ಈ ಎರಡನೆಯ ಗುಂಪಿನಲ್ಲಿ ಆ ನಿಯಮವನ್ನು ಬೇಕೆಂದೇ ಮುರಿದಿದ್ದೇನೆ, ಅಡಗಿಸಿಟ್ಟ ಪ್ರೈಡ್ ಮೊದಲ ಗುಂಪಿನಲ್ಲಿ ಬರೆಸಿಕೊಂಡ ಮಾತುಗಳನ್ನೇ ಇಲ್ಲೂ ಬರೆಸಿಕೊಳ್ಳುತ್ತದೆಯೇ ನೋಡಲಿಕ್ಕೆ. ತಲೆಗೆ ಎಂಬತ್ತು ಮಿಲಿಲೀಟರಿನಂತೆ ಆರು ಸುತ್ತಿಗೆ ಒಂದು ಬಾಟಲಿಗೂ ಕಡಿಮೆ, ಸುಮಾರು ಎರಡೂಕಾಲು ಯೂನಿಟ್ (ಒಂದು ಯೂನಿಟ್ ಎಂದರೆ ಹತ್ತು ಮಿಲಿಲೀಟರ್ ಶುದ್ಧ ಆಲ್ಕೋಹಾಲ್). ವಾರಕ್ಕೆ 14 ಮೀರಬೇಡಿ ಎಂಬುದು ಬ್ರಿಟನ್ನಿನ ವೈದ್ಯಾಧಿಕಾರಿಗಳ ಸಲಹೆ. ಆದರೂ ಆ ರಾತ್ರಿ ಕಾರಿನ ಕೀಲಿ ಮನೆಯಲ್ಲೇ ಬಿಟ್ಟುಬನ್ನಿ.

ಇನ್ನು ಮೀನು. ಹೌದು, ನಿಮ್ಮ ಗೆಳೆಯ ಕೇಳಿದ್ದು ನಿಜ, ಆದರೆ ಎಲ್ಲ ಬಿಯರಿನ ಮಾತಲ್ಲ. ಐಸಿಂಗ್ಲಾಸ್ ಎಂಬುದು ಮೀನಿನ ಗಾಳಿಚೀಲವನ್ನು ಒಣಗಿಸಿ ಕರಗಿಸಿದ ಅಂಟು. ಹಿಂದೆ ಸ್ಟರ್ಜನ್ ಮೀನಿನದು ಬಳಕೆಯಲ್ಲಿತ್ತು. ಗ್ಯಾಸ್ ದೀಪಕ್ಕೆ ಹೆಸರಾದ ವಿಲಿಯಂ ಮರ್ಡಾಕ್ 1795ರಲ್ಲಿ ಅಗ್ಗದ ಕಾಡ್ ಮೀನಿನಿಂದ ಅದನ್ನು ಮಾಡಿ ತೋರಿಸಿದ. ಯೀಸ್ಟ್‌ನ ಕಣಗಳಿಗೆ ಋಣ ವಿದ್ಯುದಂಶ, ಈ ಅಂಟಿಗೆ ಧನ. ಎರಡೂ ಅಂಟಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ, ಮೇಲೆ ತಿಳಿಯಾದ ಏಲ್ ಉಳಿಯುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವ ಕೆಲಸವೇ ಇದು. ಅಲ್ಲಿ ಕೊಳೆ ಮೇಲೇಳುತ್ತದೆ, ಇಲ್ಲಿ ತಳ ಸೇರುತ್ತದೆ. ಪಬ್‌ನ ಪೀಪಾಯಿ ಏಲ್‌ನಲ್ಲಿ ಇದರ ಬಳಕೆ ಇಂದಿಗೂ ವ್ಯಾಪಕ. ಬಾಟಲಿಗಳಲ್ಲಿ ಸೋಸುವ ಯಂತ್ರವಿರುವುದರಿಂದ ಹಲವರಿಗೆ ಅಗತ್ಯವಿಲ್ಲ, ಕೆಲವರು ಬಳಸುತ್ತಾರೆ. ಬಿಯರನ್ನು ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸ್‌ಗೆ ಅಲರ್ಜಿ ಸೂಚನೆಯ ಕಾನೂನಿನಿಂದ ವಿನಾಯಿತಿ ಇದೆ. ಆದ್ದರಿಂದ ಚೀಟಿಯಲ್ಲಿ ಮೀನು ಎಂದು ಬರೆದಿಲ್ಲ ಎಂಬುದು ಏನನ್ನೂ ಹೇಳುವುದಿಲ್ಲ. ವೀಗನ್‌ಗೆ, ಅಂದರೆ ಹಾಲೂ ಸೇರಿ ಪ್ರಾಣಿಗಳಿಂದ ಬಂದದ್ದೇನನ್ನೂ ಸೇವಿಸದವರಿಗೆ, ಸೂಕ್ತ ಎಂದು ಬರೆದಿದೆಯೇ ಎಂದೇ ನೋಡಬೇಕು. ಟ್ಯಾಡ್‌ಕಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್‌ನ ಬಾಟಲಿಗಳ ಮೇಲೆ ಆ ಮಾತು ಇರುತ್ತದೆ. ಮಿಲ್ಕ್ ಸ್ಟೌಟ್ ಎಂಬುದರಲ್ಲಿ ಹಾಲಿನ ಸಕ್ಕರೆ ಹಾಕುತ್ತಾರೆ, ಹಾಗಾಗಿ ಅದಕ್ಕೆ ವೀಗನ್ ಮುದ್ರೆ ಸಿಗುವುದಿಲ್ಲ. ಮೊಸರನ್ನ ತಿನ್ನುವ ನಿಮ್ಮ ಗೆಳೆಯನಿಗೆ ಆ ಸಕ್ಕರೆಯಿಂದ ಅಡ್ಡಿಯಿಲ್ಲ, ತಿಳಿಗೊಳಿಸಲು ಮೀನು ಬಳಸಿಲ್ಲವೆಂದು ತಯಾರಕರನ್ನು ಕೇಳಿ ಖಚಿತಪಡಿಸಿಕೊಂಡರೆ ಸಾಕು. ಮುಂದಿನ ತಿಂಗಳು ಅವನನ್ನು ಕರೆಯುವಾಗ, ನಟ್ ಬ್ರೌನ್ ಸುರಿಯುವ ಕೆಲಸವನ್ನು ಅವನಿಗೇ ಕೊಡಿ.